ಕಿಥಿರಾದ ಮಡಕೆಯೊಳಗೆ ಒಂದು ತವರಿನ ಕೈ

ಗುಣವತಿ ಹುಟ್ಟಿದ್ದು ಕಾರ್ಕಳದ ಹತ್ತಿರದ ಕುಂಬಾರರ ಮನೆಯೊಂದರಲ್ಲಿ. ಅಪ್ಪ ಹಿರಿಯಣ್ಣ ಮೂಲ್ಯರು ತಿಗರಿಯ ಮುಂದೆ ಕೂತರೆ ಮಧ್ಯಾಹ್ನದ ಗಂಜಿಯ ಹೊತ್ತಿಗೆ ಇಪ್ಪತ್ತು ಮಡಕೆ ಇಳಿಸುತ್ತಿದ್ದರು. ಹಾಗೆ ಇಳಿದ ಮಡಕೆಗೆ ತಳ ಇರುತ್ತಿರಲಿಲ್ಲ. ಅದು ಅರ್ಧ ಒಣಗಿದ ಮೇಲೆ ಒಳಗೆ ಎಡಗೈ ಹಾಕಿ ಒಂದು ನುಣುಪು ಕಲ್ಲನ್ನು ಒತ್ತಿಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ತಳ ಕೂಡಿಸುವುದು ಹೆಂಗಸರ ಕೆಲಸ. ತಿಗರಿಯನ್ನು ಮಾತ್ರ ಹೆಂಗಸರು ಮುಟ್ಟುವಂತಿರಲಿಲ್ಲ. ಎಂಟನೆಯ ವಯಸ್ಸಿನಿಂದಲೇ ಅಮ್ಮನ ಪಕ್ಕ ಕೂತು ತಟ್ಟಿದವಳು ಗುಣವತಿ. ಕಣ್ಣಿಗೆ ಕಾಣದ ಮಡಕೆಯ ಒಳಮೈ ಅವಳ ಎಡಗೈಗೆ ಗೊತ್ತಿತ್ತು.

ಅವಳು ಹೈಸ್ಕೂಲಿಗೆ ಬರುವಷ್ಟರಲ್ಲಿ ಎಲ್ಲರ ಮನೆಗೂ ಅಲ್ಯುಮಿನಿಯಂ ಪಾತ್ರೆ ಬಂದಿತ್ತು. ಅಪ್ಪ ಮಡಕೆ ಸುಡುವ ಆವಿಗೆಗೆ ಬೆಂಕಿ ಇಡುವುದನ್ನು ನಿಲ್ಲಿಸಿದರು. ಅಮ್ಮನೂ ಮಗಳೂ ಬೀಡಿ ಕಟ್ಟಿದರು. ಪಿಯುಸಿ ಮುಗಿಸಿ ಎರಡು ವರ್ಷಕ್ಕೆ ಅವಳಿಗೆ ಯಾದವನ ಜೊತೆ ಮದುವೆಯಾಯಿತು. ಯಾದವನದೂ ಕುಂಬಾರರ ಮನೆಯೇ, ಆದರೆ ಅವನ ಅಪ್ಪ ಮುಂಬಯಿಯ ಹೋಟೆಲಿಗೆ ಹೋಗಿ ಮಗನನ್ನು ಬಿಎಸ್ಸಿ ಓದಿಸಿದ್ದರು. ೧೯೯೯ರಲ್ಲಿ ಯಾದವನಿಗೆ ಆಸ್ಟ್ರೇಲಿಯಾದಲ್ಲಿ ನೆಲೆಸುವ ಪರವಾನಗಿ, ಪಿಆರ್ ಸಿಕ್ಕಿ, ಗಂಡ ಹೆಂಡತಿ ಐದು ವರ್ಷದ ಮಗಳು ದೀಕ್ಷಿತಾಳನ್ನು ಕರೆದುಕೊಂಡು ಸಿಡ್ನಿಗೆ ಬಂದರು. ಅವನಿಗೆ ಮ್ಯಾಕ್ವೆರಿ ಪಾರ್ಕಿನ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ, ಈಸ್ಟ್‌ವುಡ್‌ನಲ್ಲಿ ಎರಡು ಕೋಣೆಯ ಬಾಡಿಗೆ ಮನೆ.

ತುಳು ಮಾತಾಡುವ ಕುಟುಂಬಗಳು ಆಗಾಗ ಪಾರ್ಕಿನಲ್ಲಿ ಸೇರುತ್ತಿದ್ದವು. ನೀರುದೋಸೆ, ಕೋಳಿಸಾರು ಹಂಚಿಕೊಳ್ಳುವಾಗ ಯಾರಾದರೂ, "ಊರಲ್ಲಿ ಮನೆಯವರು ಎಂತ ಮಾಡ್ತಾರೆ?" ಅಂತ ಕೇಳಿದರೆ ಯಾದವ "ಕೃಷಿ" ಅನ್ನುತ್ತಿದ್ದ. ಗುಣವತಿ ಇನ್ನೊಂದು ದೋಸೆ ಬಡಿಸುತ್ತಿದ್ದಳು. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಹುಡುಗರು ಅವನನ್ನು "ಮಣ್ಣು" ಎಂದು ಕರೆಯುತ್ತಿದ್ದರಂತೆ. ಅದೊಂದನ್ನು ಅವನು ಮದುವೆಯಾದ ಹೊಸತರಲ್ಲಿ ಹೇಳಿದ್ದ, ಮತ್ತೆ ಎಂದೂ ಆ ಮಾತು ಎತ್ತಿರಲಿಲ್ಲ. ಅಜ್ಜ ಅಜ್ಜಿ ಏನು ಮಾಡುತ್ತಿದ್ದರೆಂದು ದೀಕ್ಷಿತಾಳಿಗೂ ಗೊತ್ತಿರಲಿಲ್ಲ.

೨೦೦೨ರಲ್ಲಿ ಗುಣವತಿ ಲೈಬ್ರರಿಯಲ್ಲಿ ನಡೆಯುತ್ತಿದ್ದ ಬಿಟ್ಟಿ ಇಂಗ್ಲಿಷ್ ತರಗತಿಗೆ ಸೇರಿದಳು. ಕಲಿಸುತ್ತಿದ್ದವರು ಕ್ರಿಸಾಂತಿ ಎಂಬ ಅರವತ್ತು ದಾಟಿದ ನಿವೃತ್ತ ಶಿಕ್ಷಕಿ. ಅವರ ಅಪ್ಪ ಅಮ್ಮ ಗ್ರೀಸಿನ ಕಿಥಿರಾ ಎಂಬ ದ್ವೀಪದಿಂದ ಬಂದು, ನ್ಯೂ ಸೌತ್ ವೇಲ್ಸಿನ ಒಳನಾಡಿನ ಪೇಟೆಯೊಂದರಲ್ಲಿ ಕೆಫೆ ನಡೆಸಿದವರು. ಒಂದು ವಾರ ಕ್ರಿಸಾಂತಿ, "ಮುಂದಿನ ಬುಧವಾರ ಎಲ್ಲರೂ ಮನೆಯಿಂದ ಒಂದು ವಸ್ತು ತಂದು ಅದರ ಬಗ್ಗೆ ಐದು ನಿಮಿಷ ಮಾತಾಡಬೇಕು" ಎಂದರು.

ಐದು ನಿಮಿಷ ಮಾತಾಡುವಷ್ಟು ಇಂಗ್ಲಿಷ್ ಗುಣವತಿಗೆ ಬರುತ್ತಿರಲಿಲ್ಲ. ಮನೆಯಲ್ಲಿದ್ದುದರಲ್ಲಿ ಕೈಯಲ್ಲೇ ಅರ್ಧ ಹೇಳಿಬಿಡಬಹುದಾದ್ದು ಒಂದೇ ಇತ್ತು. ಹೊರಡುವಾಗ ಅಮ್ಮ ಹಳೆ ಸೀರೆಯಲ್ಲಿ ಸುತ್ತಿ ಕೊಟ್ಟಿದ್ದ ಮೀನುಸಾರಿನ ಮಡಕೆ. ಅದನ್ನೇ ಒಯ್ದಳು. "ಮೈ ಮದರ್ ಮೇಕ್" ಎಂದು ಶುರು ಮಾಡಿ, ಮಾತು ಸಾಲದಾದಾಗ ಎಡಗೈಯನ್ನು ಒಳಗೆ ಹಾಕಿ, ಬಲಗೈಯಲ್ಲಿ ಪುಸ್ತಕವೊಂದನ್ನು ಹಲಗೆಯಂತೆ ಹಿಡಿದು ತಟ್ಟಿ ತೋರಿಸಿದಳು. ಮುಂದಿನ ಸಾಲಿನಲ್ಲಿದ್ದ ಚೀನೀ ಅಜ್ಜಿ ಎದ್ದು ಬಂದು ತಾನೂ ಒಳಗೆ ಕೈ ಹಾಕಿ ನೋಡಿ, ಕಲ್ಲಿನ ಗುಳಿಗಳು ಬೆರಳಿಗೆ ಸಿಕ್ಕಿದಾಗ ನಕ್ಕರು.

ತರಗತಿ ಮುಗಿದ ಮೇಲೆ ಕ್ರಿಸಾಂತಿ ಅವಳನ್ನು ಬಾಗಿಲಲ್ಲಿ ನಿಲ್ಲಿಸಿದರು.

"ನಾಳೆ ಗುರುವಾರ ನಿನಗೇನಾದರೂ ಕೆಲಸ ಇದೆಯಾ?"

"ಇಲ್ಲ ಟೀಚರ್. ಮಗಳು ಮೂರು ಗಂಟೆಗೆ ಬರೋದು."

"ಹಾಗಾದರೆ ನನ್ನ ಜೊತೆ ಬಾ. ನನ್ನ ಅಪ್ಪನ ಊರಿನ ಮಡಕೆಗಳನ್ನು ತೋರಿಸುತ್ತೇನೆ. ಎಲ್ಲ ಒಡೆದಿವೆ, ಬೇಜಾರು ಮಾಡಿಕೊಳ್ಳಬೇಡ."

ಅವರು ಕರೆದುಕೊಂಡು ಹೋದದ್ದು ವಿಶ್ವವಿದ್ಯಾಲಯವೊಂದರ ನೆಲಮಾಳಿಗೆಗೆ. ರೈಲಿನಲ್ಲಿ ದಾರಿಯುದ್ದಕ್ಕೂ ಕ್ರಿಸಾಂತಿ ದ್ವೀಪದ ಕತೆ ಹೇಳಿದರು. ಗ್ರೀಸಿನ ದಕ್ಷಿಣದ ತುದಿಗೂ ಕ್ರೀಟ್ ಎಂಬ ದೊಡ್ಡ ದ್ವೀಪಕ್ಕೂ ನಡುವೆ ಇರುವ ಪುಟ್ಟ ದ್ವೀಪ ಕಿಥಿರಾ. ಆ ಕಡಲಲ್ಲಿ ಹೋಗುವ ಹಡಗುಗಳೆಲ್ಲ ಅಲ್ಲಿ ತಂಗಲೇಬೇಕು. ಕ್ರೀಟಿನವರು ಬಂದರು, ಕಡಲ ಶಂಖದಿಂದ ನೇರಳೆ ಬಣ್ಣ ತೆಗೆಯುವವರು ಬಂದರು, ಸ್ಪಾರ್ಟಾದವರು, ಅಥೆನ್ಸಿನವರು, ವೆನಿಸ್ಸಿನವರು ಒಬ್ಬರಾದ ಮೇಲೊಬ್ಬರು ಬಂದರು. ಪ್ರೇಮದೇವತೆ ಅಫ್ರೊಡೈಟಿ ಅಲ್ಲಿಯ ಕಡಲ ನೊರೆಯಲ್ಲೇ ಹುಟ್ಟಿದಳೆಂದು ಹಳಬರ ನಂಬಿಕೆ. ಅವಳ ಗುಡಿ ಬಿದ್ದುಹೋಗಿ ಎಷ್ಟೋ ಕಾಲವಾಗಿದೆ, ಆದರೆ ಅದರ ಕಂಬಗಳದೆಂದು ಹೇಳುವ ಕಲ್ಲುಗಳು ಬೆಟ್ಟದ ಮೇಲಿನ ಒಂದು ಪುಟ್ಟ ಚರ್ಚಿನೊಳಗೆ ಈಗಲೂ ನಿಂತಿವೆ.

"ನನ್ನಜ್ಜಿ ಆ ಚರ್ಚಿಗೆ ಹೋದಾಗ ಮೇರಿಮಾತೆಗೆ ಒಂದು ದೀಪ ಹಚ್ಚಿ, ಯಾರೂ ನೋಡದಿದ್ದಾಗ ಆ ಕಂಬವನ್ನೂ ಒಮ್ಮೆ ಸವರಿ ಬರುತ್ತಿದ್ದರಂತೆ" ಎಂದು ಕ್ರಿಸಾಂತಿ ನಕ್ಕರು.

"ನಮ್ಮಲ್ಲೂ ಹಾಗೇ" ಎಂದಳು ಗುಣವತಿ. ದೇವಸ್ಥಾನಕ್ಕೆ ಹೋದವರು ಪಕ್ಕದ ಭೂತದ ಕಲ್ಲಿಗೂ ಕೈ ಮುಗಿದು ಬರುತ್ತಾರೆ ಎಂದು ವಿವರಿಸಲು ಅವಳಿಗೆ ಇಂಗ್ಲಿಷ್ ಬರಲಿಲ್ಲ.

ನೆಲಮಾಳಿಗೆಯಲ್ಲಿ ಮೂವತ್ತೆಂಟು ಡಬ್ಬಿಗಳಿದ್ದವು. ಬಹಳ ಹಿಂದೆ, ಪುರಾತನ ವಸ್ತುಗಳನ್ನು ಗ್ರೀಸಿನಿಂದ ಹೊರಗೆ ಒಯ್ಯುವುದರ ಮೇಲೆ ಈಗಿನ ಬಿಗಿ ಇಲ್ಲದಿದ್ದ ಕಾಲದಲ್ಲಿ, ದ್ವೀಪದ ಪೂರ್ವ ಕಡಲತೀರದಲ್ಲಿ ಸಿಕ್ಕ ಮಡಕೆ ಚೂರುಗಳು ಅವು. ಯಾರೂ ಬಿಚ್ಚಿ ನೋಡದೆ ದಶಕಗಳು ಕಳೆದಿದ್ದವು. ಈಗ ರಾಬಿನ್ ಎಂಬ ಪುರಾತತ್ವಜ್ಞೆ ಅವುಗಳನ್ನು ವಿಂಗಡಿಸಲು ಹೊರಟಿದ್ದರು. ಐವತ್ತರ ಆಸುಪಾಸಿನ ಹೆಂಗಸು, ಮಾತು ಕಡಿಮೆ, ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ಕ್ರಿಸಾಂತಿಯಂಥ ಏಳೆಂಟು ಜನ ಅವರಿಗೆ ಸಂಬಳವಿಲ್ಲದೆ ನೆರವಾಗುತ್ತಿದ್ದರು.

ಗುಣವತಿಗೆ ಮೊದಲು ಸಿಕ್ಕ ಕೆಲಸ ತೊಳೆಯುವುದು. ಹಳೆಯ ಹಲ್ಲುಜ್ಜುವ ಬ್ರಷ್ಷು, ಒಂದು ಬೇಸಿನ್ ನೀರು, ಒಣಗಿಸಲು ಜಾಳಿಗೆ. ಒಣಗಿದ ಪ್ರತಿ ಚೂರಿನ ಮೇಲೆ ಇರುವೆಯಷ್ಟು ಸಣ್ಣ ಅಂಕಿಗಳಲ್ಲಿ ನಂಬರು ಬರೆಯಬೇಕು. ಗುರುವಾರ ಗುರುವಾರ ಹೋಗತೊಡಗಿದಳು. ಯಾದವನಿಗೆ ಯೂನಿವರ್ಸಿಟಿಗೆ ಹೋಗುತ್ತೇನೆ ಎಂದಳು, ಅವನು ಸಂತೋಷಪಟ್ಟ. ಅಲ್ಲಿ ತೊಳೆಯುವುದು ಏನನ್ನು ಎಂದು ತಿಳಿದಾಗ ಅವನ ಮುಖ ಇಳಿಯಿತು.

"ಅಲ್ಲ ಗುಣ, ಅದನ್ನು ಬಿಟ್ಟು ಇಷ್ಟು ದೂರ ಬಂದದ್ದು ನಾವು. ನೀನು ಇಲ್ಲಿಯೂ ಒಡೆದ ಮಡಕೆಯ ಬೋಕಿ ತೊಳೀಲಿಕ್ಕೆ ಹೋಗುದಾ?"

"ನಾಲ್ಕು ಸಾವಿರ ವರ್ಷದ ಬೋಕಿ ಅದು."

"ಎಷ್ಟು ವರ್ಷದ್ದಾದ್ರೂ ಬೋಕಿ ಬೋಕಿಯೇ ಅಲ್ವಾ? ಯಾರಾದ್ರೂ ಕೇಳಿದ್ರೆ ಯೂನಿವರ್ಸಿಟಿಯಲ್ಲಿ ಲೈಬ್ರರಿ ಕೆಲಸ ಅಂತ ಹೇಳು."

ಅವಳು ಹಾಗೆಯೇ ಹೇಳಿದಳು. ಆದರೆ ಗುರುವಾರ ತಪ್ಪಿಸಲಿಲ್ಲ.

ರಾಬಿನ್ ಚೂರುಗಳನ್ನು ಎರಡು ಗುಂಪು ಮಾಡುತ್ತಿದ್ದರು. ಸುಮಾರು ನಾಲ್ಕೂವರೆ ಸಾವಿರ ವರ್ಷಗಳ ಹಿಂದೆ ಆ ಕಡಲತೀರದಲ್ಲಿ ಎರಡು ಬಗೆಯ ಜನ ಇದ್ದರು. ಮೊದಲಿನಿಂದ ಇದ್ದವರು, ಮತ್ತು ಕ್ರೀಟಿನಿಂದ ಹೊಸದಾಗಿ ದೋಣಿ ಕಟ್ಟಿಕೊಂಡು ಬಂದವರು. ಬಂದವರು ತಮ್ಮ ಅಡುಗೆಯನ್ನೂ ತಮ್ಮ ಮಡಕೆಯ ಆಕಾರವನ್ನೂ ತಂದಿದ್ದರು. ಅವರದು ಮೂರು ಕಾಲಿನ ಅಡುಗೆ ಮಡಕೆ. ಒಲೆಗುಂಡು ಬೇಡ, ಕೆಂಡದ ಮೇಲೆ ನೇರ ನಿಲ್ಲಿಸಿದರಾಯಿತು. ಮೊದಲಿನವರ ಮಡಕೆಗೆ ಕಾಲಿರಲಿಲ್ಲ. ಇನ್ನೂ ತಿಗರಿ ಬರದ ಕಾಲವದು, ಎಲ್ಲವೂ ಕೈಯಲ್ಲೇ ತಿದ್ದಿದ ಮಡಕೆಗಳು. ಎರಡೂ ಬಗೆಯವು ಎಷ್ಟೋ ತಲೆಮಾರು ಅಕ್ಕಪಕ್ಕ ನಡೆದು, ಕೊನೆಗೆ ಬಂದವರ ಬಗೆಯೇ ಉಳಿಯಿತು. ಕಾಲಿನ ತುಂಡು ಸಿಕ್ಕರೆ ಅದು ಕ್ರೀಟಿನವರ ತಟ್ಟೆಗೆ. ರಾಬಿನ್ ಹಾಗೆ ಹೇಳಿಕೊಟ್ಟಿದ್ದರು.

ಎರಡು ವರ್ಷ ಗುಣವತಿ ಹಾಗೆಯೇ ಮಾಡಿದಳು. ಈ ನಡುವೆ ಅವಳ ಹೆಬ್ಬೆರಳಿಗೆ ಬೇರೇನೋ ಗೊತ್ತಾಗುತ್ತ ಬಂತು. ೨೦೦೪ರ ಒಂದು ಗುರುವಾರ ರಾಬಿನ್ ಪಾಠ ಮಾಡಲು ಹೋಗಿದ್ದಾಗ, ಕ್ರೀಟಿನವರ ತಟ್ಟೆಗಳಿಂದ ಅವಳು ಹದಿನೇಳು ಚೂರುಗಳನ್ನು ಹೆಕ್ಕಿ ಬೇರೆಯೇ ಒಂದು ತಟ್ಟೆಯಲ್ಲಿ ಜೋಡಿಸಿದಳು. ಕೇಳಬೇಕೆಂದೇ ಜೋಡಿಸಿದ್ದು. ಹೇಗೆ ಕೇಳುವುದೆಂದು ಮನಸ್ಸಿನಲ್ಲೇ ಇಂಗ್ಲಿಷ್ ವಾಕ್ಯ ಕಟ್ಟುತ್ತಿರುವಾಗ ರಾಬಿನ್ ಬಂದುಬಿಟ್ಟರು.

"ಇದನ್ನು ಯಾರು ಮುಟ್ಟಿದ್ದು?"

"ನಾನು. ದಿಸ್... ಡಿಫರೆಂಟ್..."

"ನಾಲ್ಕು ತಿಂಗಳ ಕೆಲಸ ಇದು! ತಟ್ಟೆಯಿಂದ ತಟ್ಟೆಗೆ ಏನನ್ನೂ ಕದಲಿಸಬಾರದು ಎಂದು ಮೊದಲ ದಿನವೇ ಹೇಳಿದ್ದೆನಲ್ಲ?"

ನಂಬರು ಬರೆದಿದ್ದರಿಂದ ಎಲ್ಲವನ್ನೂ ಮರಳಿ ಇಡಬಹುದಿತ್ತು. ಅದು ಇಬ್ಬರಿಗೂ ಗೊತ್ತಿತ್ತು. ಆದರೂ ನೆರವಿಗೆ ಬಂದಿದ್ದ ಅಷ್ಟು ಜನರ ಮುಂದೆ ಬೈಸಿಕೊಂಡ ಗುಣವತಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಕೈಚೀಲ ತೆಗೆದುಕೊಂಡು ಹೊರಟಳು. ಮುಂದಿನ ಗುರುವಾರ ಹೋಗಲಿಲ್ಲ, ಅದರ ಮುಂದಿನ ಗುರುವಾರವೂ ಇಲ್ಲ. ಯಾದವ ಮಾತು ಮುಗಿಯಿತೆಂದು ತಿಳಿದ.

ಮೂರನೆಯ ವಾರ ಕ್ರಿಸಾಂತಿ ಮನೆಗೇ ಬಂದರು. ಶಾಲೆಗೆ ರಜೆಯಿತ್ತು. ದೀಕ್ಷಿತಾ ಬಾಗಿಲು ತೆಗೆದಳು.

"ರಾಬಿನ್ ಆ ಹದಿನೇಳನ್ನು ವಾಪಸ್ ಇಟ್ಟಿಲ್ಲ ಗುಣ" ಎಂದರು ಕ್ರಿಸಾಂತಿ, ಚಹಾ ಕುಡಿಯುತ್ತ. "ದಿನಾ ನೋಡುತ್ತಾಳೆ. ಅವಳಿಗೆ ಕೋಪ ಬೇಗ ಬರುತ್ತದೆ, ಹೋಗುವುದು ನಿಧಾನ. ಆದರೆ ಯಾಕೆ ಹಾಗೆ ಜೋಡಿಸಿದೆ ಎಂದು ಕೇಳಲೇಬೇಕಂತೆ."

ಗುಣವತಿ ದೀಕ್ಷಿತಾಳ ಕಡೆ ತಿರುಗಿದಳು. "ನನಗೆ ಹೇಳ್ಲಿಕ್ಕೆ ಇಂಗ್ಲಿಷ್ ಸಾಕಾಗುದಿಲ್ಲ ಮಗಾ. ನೀನು ಬರ್ತೀಯಾ?"

"ಮೀ? ಬಟ್ ಅಮ್ಮಾ, ಐ ಡೋಂಟ್ ನೋ ಎನಿಥಿಂಗ್ ಅಬೌಟ್ ಪಾಟ್ಸ್!"

"ನಾನು ಹೇಳಿದ್ದನ್ನು ಹೇಳಿದ್ರೆ ಸಾಕು."

ಹೀಗೆ ಹತ್ತು ವರ್ಷದ ದೀಕ್ಷಿತಾ ನೆಲಮಾಳಿಗೆಗೆ ಬಂದಳು. ರಾಬಿನ್ ಎದ್ದು ನಿಂತು, "ಆ ದಿನ ನಾನು ಕೂಗಬಾರದಿತ್ತು" ಎಂದು ಒಂದೇ ಮಾತಿನಲ್ಲಿ ಮುಗಿಸಿ, ಕುರ್ಚಿ ಎಳೆದು ಕೊಟ್ಟರು. ಹದಿನೇಳು ಚೂರುಗಳ ಜೊತೆ ಅಷ್ಟೇ ಬೇರೆ ಚೂರುಗಳನ್ನು ಬೆರೆಸಿಟ್ಟಿದ್ದರು.

"ಕಣ್ಣು ಮುಚ್ಚಿಕೋ. ಒಂದೊಂದನ್ನೇ ಕೊಡುತ್ತೇನೆ."

ಗುಣವತಿ ಕಣ್ಣು ಮುಚ್ಚಿದಳು. ಪ್ರತಿ ಚೂರನ್ನು ಎಡಗೈಗೆ ತೆಗೆದುಕೊಂಡು, ಮಡಕೆಯ ಒಳಮೈಯಾಗಿದ್ದ ಬದಿಯ ಮೇಲೆ ಹೆಬ್ಬೆರಳು ಎಳೆದು, ಮುರಿದ ಅಂಚನ್ನು ಉಗುರಿನಲ್ಲಿ ಕೆರೆದು, ಎಡಕ್ಕೊಂದು ಬಲಕ್ಕೊಂದು ಇಟ್ಟಳು. ಕಣ್ಣು ತೆರೆದಾಗ ರಾಬಿನ್ ನಂಬರುಗಳನ್ನು ಪಟ್ಟಿಯೊಡನೆ ಹೋಲಿಸುತ್ತಿದ್ದರು. ಹದಿನೇಳರಲ್ಲಿ ಹದಿನಾಲ್ಕು ಮತ್ತೆ ಅದೇ ಗುಂಪಿಗೆ ಬಂದಿದ್ದವು.

"ಯಾಕೆ?" ಎಂದರು ರಾಬಿನ್.

ಗುಣವತಿ ಮಗಳಿಗೆ ತುಳುವಿನಲ್ಲಿ ಹೇಳತೊಡಗಿದಳು. ಆಕಾರವೆಲ್ಲ ಬಂದವರದೇ, ಮೂರು ಕಾಲೂ ಉಂಟು. ಆದರೆ ಮಣ್ಣು ಕಲಸಿದ ರೀತಿ ಮೊದಲಿನವರದು, ಒಳಗೆ ಒರೆಸಿದ ರೀತಿಯೂ ಅವರದೇ. ಬಂದವರು ಮಣ್ಣಿಗೆ ಮರಳು ಹಾಕುತ್ತಾರೆ. ಇದರಲ್ಲಿ ಹಳೆ ಮಡಕೆಯನ್ನು ಕುಟ್ಟಿ ಪುಡಿ ಮಾಡಿ ಹಾಕಿದ್ದಾರೆ, ಉಗುರಿಗೆ ಸಿಗುತ್ತದೆ.

"ನನ್ನ ಅಮ್ಮ ಸುಳ್ಯದ ಕಡೆಯವರು. ಅವರ ತವರಿನಲ್ಲಿ ಮಣ್ಣಿಗೆ ಬೋಕಿ ಪುಡಿ ಹಾಕ್ತಿದ್ರು. ಅಪ್ಪನ ಮನೆಯಲ್ಲಿ ಹೊಯಿಗೆ, ಮರಳು ಮಾತ್ರ. ಮದುವೆಯಾಗಿ ಬಂದ ಮೇಲೆ ಅಮ್ಮ ಅತ್ತೆಗೆ ಗೊತ್ತಾಗದ ಹಾಗೆ ಒಂದು ಮುಷ್ಟಿ ಪುಡಿ ಹಾಕ್ತಿದ್ದರು. ಹಾಗೆ ಮಾಡಿದ್ರೇ ಮಡಕೆ ಒಡೆಯುದಿಲ್ಲ ಅಂತ ಅವರ ನಂಬಿಕೆ. ಹೊರಗಿನಿಂದ ನೋಡಿದ್ರೆ ಅಪ್ಪನ ಮನೆಯ ಮಡಕೆ. ಕೈ ಹಾಕಿದ್ರೆ ಅಮ್ಮಂದು ಅಂತ ಗೊತ್ತಾಗ್ತಿತ್ತು. ಇದೂ ಸೊಸೆ ಮಾಡಿದ ಮಡಕೆ. ಆಕಾರ ಗಂಡನ ಮನೆಯದ್ದು, ಕೈ ತವರಿಂದು."

ದೀಕ್ಷಿತಾ ತಡೆತಡೆದು ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ಹೇಳಿ ಮುಗಿಸಿ ಅಮ್ಮನನ್ನೇ ನೋಡಿದಳು.

"ಅಜ್ಜಿ ಮೇಡ್ ಪಾಟ್ಸ್? ಲೈಕ್, ರಿಯಲ್ ಪಾಟ್ಸ್? ವೈ ಡಿಡ್ ನೋಬಡಿ ಟೆಲ್ ಮೀ?"

"ಈಗ ಹೇಳಿದೆನಲ್ಲ" ಎಂದಳು ಗುಣವತಿ.

ರಾಬಿನ್ ತಕ್ಷಣ ಒಪ್ಪುವವರಲ್ಲ. "ಮಾಡಿದ್ದು ಹೆಂಗಸೋ ಗಂಡಸೋ ನಮಗೆ ತಿಳಿಯದು. ಮದುವೆಯೋ, ಕೂಲಿಯೋ, ಸೆರೆಯೋ, ಅದೂ ತಿಳಿಯದು. ಆದರೆ ಮಣ್ಣಿನೊಳಗೆ ಏನು ಹಾಕಿದ್ದಾರೆ ಎಂಬುದನ್ನು ಪರೀಕ್ಷೆ ಮಾಡಬಹುದು" ಎಂದರು. ಚೂರುಗಳ ಅಂಚಿನಿಂದ ಕೂದಲೆಳೆಯಷ್ಟು ತೆಳುವಾದ ಪದರ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ ಅದು. ಅನುಮತಿ ಸಿಕ್ಕಿ, ಸರದಿ ಬಂದು, ಫಲಿತಾಂಶ ಕೈಗೆ ಬರಲು ಹದಿನಾಲ್ಕು ತಿಂಗಳು ಬೇಕಾದವು. ಹದಿನೇಳರಲ್ಲಿ ಹನ್ನೊಂದರಲ್ಲಿ ಹಳೆ ಮಡಕೆಯ ಪುಡಿ ಸ್ಪಷ್ಟವಾಗಿ ಕಾಣಿಸಿತು. ಆರು ಬರೀ ಮರಳಿನವು.

ಗುಣವತಿಗೆ ಆ ಆರರದ್ದೇ ಚಿಂತೆ. "ಆರು ತಪ್ಪಾಯಿತು" ಎಂದಳು, ಈಗ ತನ್ನದೇ ಇಂಗ್ಲಿಷಿನಲ್ಲಿ.

"ನಾನು ನೋಡಿಯೂ ನೋಡದೆ ಬಿಟ್ಟದ್ದು ಹನ್ನೊಂದು" ಎಂದರು ರಾಬಿನ್. "ಎರಡನ್ನೂ ಬರೆಯೋಣ."

ಕೆಲಸ ಹೀಗೆ ಸರಿದಾರಿಗೆ ಬಂದ ಹೊತ್ತಿಗೇ ಯಾದವನ ಕಂಪನಿ ಸಿಡ್ನಿಯ ಲ್ಯಾಬನ್ನು ಮುಚ್ಚಿತು. ಮೆಲ್ಬರ್ನಿನಲ್ಲಿ ಕೆಲಸ ಸಿಕ್ಕಿತು. ೨೦೦೭ರ ಜನವರಿಯಲ್ಲಿ ಅವರು ವಿಂಡಮ್ ವೇಲ್‌ನ ಹೊಸ ಬಡಾವಣೆಗೆ ಹೋದರು. ಮರವಿಲ್ಲ, ನೆರಳಿಲ್ಲ, ಸುತ್ತ ಅರ್ಧ ಕಟ್ಟಿದ ಮನೆಗಳು. ದೀಕ್ಷಿತಾ ಹೊಸ ಶಾಲೆಗೆ ಹೊಂದಿಕೊಂಡಳು. ಗುಣವತಿಗೆ ಗುರುವಾರ ಬಂತೆಂದರೆ ಏನು ಮಾಡುವುದೆಂದು ತಿಳಿಯುತ್ತಿರಲಿಲ್ಲ. ಅಡುಗೆಮನೆಯನ್ನು ಎರಡೆರಡು ಸಲ ಒರೆಸುತ್ತಿದ್ದಳು.

ಚಳಿಗಾಲದಲ್ಲಿ ರಾಬಿನ್ ಫೋನ್ ಮಾಡಿದರು. ಅಚ್ಚಾಗುವ ಮೊದಲು ಅವರ ಲೇಖನವನ್ನು ಓದಿದ ಮತ್ತೊಬ್ಬ ವಿದ್ವಾಂಸರು ಒಂದು ತಕರಾರು ಎತ್ತಿದ್ದರು. ಒಳಗಿನ ಒರೆಸಿದ ಗುರುತು ಕಲಿತ ಕೈಯಿಂದಲೇ ಬಂದದ್ದು ಎಂದು ಹೇಗೆ ಹೇಳುತ್ತೀರಿ, ಕಾಲು ಜೋಡಿಸುವಾಗ ಯಾರು ಮಾಡಿದರೂ ಹಾಗೇ ಆಗಬಹುದಲ್ಲ ಎಂದು.

"ನೀನು ಎರಡೂ ರೀತಿಯಲ್ಲಿ ಮೂರು ಕಾಲಿನ ಮಡಕೆ ಮಾಡಿ ಸುಟ್ಟು ಕಳಿಸುತ್ತೀಯಾ? ಹೋಲಿಸಿ ನೋಡಬಹುದು."

"ನಾನು ತಟ್ಟಿದವಳು ಅಷ್ಟೆ. ಪೂರ್ತಿ ಮಡಕೆ ನನ್ನ ಕೈಯಲ್ಲಿ ಮಾಡಿದವಳಲ್ಲ. ನಮ್ಮ ಹೆಂಗಸರು ತಿಗರಿ ಮುಟ್ಟುವ ಹಾಗಿಲ್ಲ."

"ಇವಕ್ಕೆ ತಿಗರಿಯೇ ಇಲ್ಲವಲ್ಲ, ಗುಣ."

ಅದು ನಿಜವಾಗಿತ್ತು. ಅಷ್ಟು ವರ್ಷ ಆ ಚೂರುಗಳನ್ನು ಮುಟ್ಟಿದರೂ ಗುಣವತಿಗೆ ಅದು ಹೊಳೆದಿರಲಿಲ್ಲ.

ಪಕ್ಕದ ಸೈಟಿನಲ್ಲಿ ಪಾಯ ತೋಡಿ ಹಾಕಿದ್ದ ಕಪ್ಪು ಜೇಡಿಯ ರಾಶಿಯಿತ್ತು. ಕೆಲಸದವರನ್ನು ಕೇಳಿ ನಾಲ್ಕು ಬಕೆಟ್ ತಂದಳು. ನೆನೆಹಾಕಿ, ಕಲ್ಲು ಸೋಸಿ, ಗ್ಯಾರೇಜಿನ ನೆಲದಲ್ಲಿ ಟಾರ್ಪಾಲು ಹಾಸಿ ಕಾಲಲ್ಲಿ ತುಳಿದಳು. ಆ ಮಣ್ಣು ಒಣಗುವಾಗ ಬಿರುಕು ಬಿಡುವ ಜಾತಿಯದು. ಮೊದಲ ಒಂಬತ್ತು ಮಡಕೆಗಳು ನೆರಳಲ್ಲೇ ಸೀಳಿದವು. ಮರಳು ಹೆಚ್ಚಿಸಿದಳು, ಅಂಗಡಿಯ ಮಣ್ಣು ಬೆರೆಸಿದಳು, ಒದ್ದೆ ಬಟ್ಟೆ ಹೊದಿಸಿದಳು. ಯಾದವ ಕೆಲಸದಿಂದ ಬಂದವನು ಕಾರನ್ನು ರಸ್ತೆಯಲ್ಲೇ ನಿಲ್ಲಿಸಿ, ಗ್ಯಾರೇಜಿನ ಕಡೆ ನೋಡದೆ ಒಳಗೆ ಹೋಗುತ್ತಿದ್ದ.

ಒಂದು ಸಂಜೆ ಮಾತ್ರ ಅವನು ಬಾಗಿಲಲ್ಲಿ ನಿಂತ. ಗುಣವತಿ ಮಣ್ಣು ತುಳಿಯುತ್ತಿದ್ದಳು, ದೀಕ್ಷಿತಾ ಅವಳ ಹೆಗಲು ಹಿಡಿದು ಪಕ್ಕದಲ್ಲಿ ತುಳಿಯುತ್ತಿದ್ದಳು.

"ಹಾಗೆ ನಡುವಿನಲ್ಲಿ ತುಳಿಯುದಲ್ಲ" ಎಂದ. "ಹೊರಗಿನಿಂದ ಸುತ್ತು ಹಾಕ್ತಾ ಒಳಗೆ ಬರ್ಬೇಕು. ಇಲ್ಲದಿದ್ರೆ ಗಾಳಿ ಒಳಗೆ ಉಳೀತದೆ."

"ಪಪ್ಪಾ, ಯು ನೋ ದಿಸ್?" ಎಂದಳು ದೀಕ್ಷಿತಾ.

"ನನ್ನ ಅಜ್ಜ ತುಳಿಸ್ತಿದ್ರು. ಶಾಲೆಗೆ ಹೋಗುವ ಮೊದಲು." ಅವನು ಬೂಟು ಬಿಚ್ಚಿ, ಪ್ಯಾಂಟು ಮಡಚಿ ಟಾರ್ಪಾಲಿನ ಮೇಲೆ ಕಾಲಿಟ್ಟ. ಮಗಳು ನಗುತ್ತಿದ್ದಳು. ಅದು ತಮಾಷೆಯ ನಗು ಅಷ್ಟೆ, ಶಾಲೆಯ ದಿನಗಳಿಂದ ಅವನಿಗೆ ಗೊತ್ತಿದ್ದ ಆ ಹಳೆಯ ನಗು ಅಲ್ಲ. ಅವನು ಸುತ್ತು ಹಾಕತೊಡಗಿದ.

೨೦೦೮ರ ಏಪ್ರಿಲ್ ಹೊತ್ತಿಗೆ ಸುಡಲು ಎಂಟು ಮಡಕೆ ಸಿದ್ಧವಾದವು. ನಾಲ್ಕು ಬಂದವರ ರೀತಿ, ನಾಲ್ಕು ಸೊಸೆಯ ರೀತಿ. ಬಡಾವಣೆಯಲ್ಲಿ ಬೆಂಕಿ ಹಾಕುವ ಮಾತೇ ಇಲ್ಲ. ಕ್ರಿಸಾಂತಿಯ ಸೋದರಸಂಬಂಧಿ ಮಾನೊಲಿ ಎಂಬವರು ಹತ್ತಿರದ ವೆರಿಬೀ ಸೌತಿನಲ್ಲಿ ಹೂಕೋಸು ಬೆಳೆಯುತ್ತಿದ್ದರು. ಬೇಸಿಗೆಯ ಬೆಂಕಿ ನಿರ್ಬಂಧ ಮುಗಿದ ಮೇಲೆ, ಮೇ ತಿಂಗಳ ಒಂದು ಭಾನುವಾರ ತಮ್ಮ ಖಾಲಿ ಹೊಲದ ಮೂಲೆಯನ್ನು ಬಿಟ್ಟುಕೊಟ್ಟರು. ಸಿಡ್ನಿಯಿಂದ ರಾಬಿನ್ ಮತ್ತು ಕ್ರಿಸಾಂತಿ ಬಂದರು.

ಬೆಳಿಗ್ಗೆಯೇ ಯಾದವ ಒಂದು ಹಿಡಿ ಧೂಳು ಎರಚಿ ಗಾಳಿ ನೋಡಿದ. ಕಡಲ ಕಡೆಯಿಂದ ಬೀಸುತ್ತಿತ್ತು. "ಬಾಯಿ ಆ ಕಡೆ ಬೇಡ, ಇತ್ತ ತಿರುಗಿಸಿ" ಎಂದು ಆವಿಗೆಗಾಗಿ ತೋಡಿದ್ದ ಗುಂಡಿಯನ್ನು ಮತ್ತೆ ತೋಡಿಸಿದ. ಒಣಹುಲ್ಲು, ಸೌದೆ, ಮೇಲೆ ಮಡಕೆ, ಅದರ ಮೇಲೆ ಮತ್ತೆ ಹುಲ್ಲು, ಹಸಿ ಮಣ್ಣಿನ ಹೊದಿಕೆ. ಮಾನೊಲಿ ಮತ್ತು ಅವನು ಇಬ್ಬರೂ ಅರ್ಧಂಬರ್ಧ ಇಂಗ್ಲಿಷಿನಲ್ಲಿ ವಾದ ಮಾಡುತ್ತ ಹೊಗೆಕಿಂಡಿ ಬಿಟ್ಟರು. ಗುಣವತಿ ಕಡ್ಡಿ ಗೀರುವ ಮೊದಲು ಕೈ ಮುಗಿದಳು. ಕ್ರಿಸಾಂತಿ ಶಿಲುಬೆಯ ಗುರುತು ಮಾಡಿಕೊಂಡರು.

ಹತ್ತೂವರೆಗೆ ಒಳಗಿನಿಂದ ಒಂದು ಢಬ್ ಎಂಬ ಸದ್ದು. ಎಲ್ಲರೂ ಗುಣವತಿಯನ್ನು ನೋಡಿದರು.

"ಒಂದು ಹೋಯಿತು" ಎಂದಳು.

ಹನ್ನೊಂದರ ಹೊತ್ತಿಗೆ ಇನ್ನೆರಡು ಹೋದವು. ಯಾದವ ಕಿಂಡಿಗೆ ಮಣ್ಣು ಮೆತ್ತಿ ಬೆಂಕಿಯನ್ನು ನಿಧಾನ ಮಾಡಿದ. ಮಧ್ಯಾಹ್ನ ಮಾನೊಲಿಯ ಹೆಂಡತಿ ರೊಟ್ಟಿ, ಚೀಸು, ಆಲಿವ್ ತಂದರು. ಸಂಜೆ ನಾಲ್ಕಕ್ಕೆ ಬೂದಿ ಆರಿದ ಮೇಲೆ ಗುಣವತಿ ಕೋಲಿನಲ್ಲಿ ಒಂದೊಂದನ್ನೇ ಎಬ್ಬಿಸಿದಳು. ಮೂರು ಚೂರುಚೂರಾಗಿದ್ದವು. ಒಂದರ ಕಾಲು ಕಳಚಿತ್ತು. ನಾಲ್ಕು ಇಡಿಯಾಗಿ, ಅರ್ಧ ಕೆಂಪು ಅರ್ಧ ಕಪ್ಪಾಗಿ ನಿಂತಿದ್ದವು. ಅವಳು ಬೆರಳ ಗೆಣ್ಣಿನಲ್ಲಿ ಮೊಟಕಿದಳು. ಕಂಚಿನಂತೆ ಸದ್ದು ಬಂತು. ಆಗ ಅವಳಿಗೆ ಅಳು ಬಂತು. ಯಾದವ ನೀರಿನ ಬಾಟಲಿಯನ್ನು ಅವಳ ಕೈಗಿಟ್ಟ.

ಒಡೆದವುಗಳೇ ರಾಬಿನ್‌ಗೆ ಹೆಚ್ಚು ಇಷ್ಟವಾದವು. ಅವರಿಗೆ ಬೇಕಾದದ್ದು ಒಳಮೈ. ಬೂದಿಯಲ್ಲಿ ಮೊಣಕಾಲೂರಿ ಕೂತು ಚೂರುಗಳನ್ನು ಭೂತಗನ್ನಡಿಯಲ್ಲಿ ನೋಡಿ, ತಂದಿದ್ದ ಫೋಟೋಗಳ ಪಕ್ಕದಲ್ಲಿಟ್ಟರು. ಎರಡು ರೀತಿಯಲ್ಲಿ ಜೋಡಿಸಿದ ಕಾಲುಗಳು ಒಳಗೆ ಎರಡು ರೀತಿಯ ಗುರುತು ಬಿಟ್ಟಿದ್ದವು. ಸೊಸೆಯ ರೀತಿಯದು ಫೋಟೋದ ಚೂರುಗಳಿಗೆ ಬಹುಮಟ್ಟಿಗೆ ಹೊಂದಿತು. "ಬಹುಮಟ್ಟಿಗೆ" ಎಂದು ಅವರೇ ಎರಡು ಸಲ ಹೇಳಿದರು.

ಇಡಿಯಾಗಿ ಉಳಿದವುಗಳಲ್ಲಿ ಒಂದನ್ನು ಗುಣವತಿ ಗಂಜಿನೀರಲ್ಲಿ ಹದ ಮಾಡಿ, ಮುಂದಿನ ವಾರ ಅದರಲ್ಲೇ ಹುರುಳಿಸಾರು ಮಾಡಿದಳು. ತುಳು ಕುಟುಂಬಗಳು ಹಾಪರ್ಸ್ ಕ್ರಾಸಿಂಗ್‌ನ ಹಾಲೊಂದರಲ್ಲಿ ಸೇರುವ ದಿನವದು. ಮೂರು ಕಾಲಿನ ಮಡಕೆಯನ್ನು ಮೇಜಿನ ಮೇಲೆ ಇಟ್ಟಾಗ ಉಡುಪಿಯ ಕಡೆಯ ಅಪೇಕ್ಷಾ ಎಂಬ ಹುಡುಗಿ, "ಆಂಟಿ, ಇದು ಎಲ್ಲಿ ತಗೊಂಡ್ರಿ? ಇಂಥದ್ದು ನಾನು ನೋಡಿಯೇ ಇಲ್ಲ" ಎಂದಳು.

ಗುಣವತಿ ಬಾಯಿ ತೆರೆಯುವ ಮೊದಲೇ ಯಾದವ ಹೇಳಿದ. "ತಗೊಂಡದ್ದಲ್ಲ. ಇವಳು ಮಾಡಿದ್ದು. ನಮ್ಮದು ಕುಂಬಾರರ ಮನೆ." ಹೇಳಿದ ಮೇಲೆ ಅವನ ಕಿವಿ ಕೆಂಪಾಯಿತು. ಅಪೇಕ್ಷಾ ಅದನ್ನು ಗಮನಿಸಲಿಲ್ಲ. ಅವಳು ಮಡಕೆಯ ಸುತ್ತ ತಿರುಗುತ್ತಿದ್ದಳು. "ನನಗೂ ಕಲಿಸ್ತೀರಾ ಆಂಟಿ?"

ರಾಬಿನ್ ಅವರ ಲೇಖನ ೨೦೦೯ರಲ್ಲಿ ಅಚ್ಚಾಯಿತು. ಹನ್ನೊಂದು ಚೂರು ಸರಿಯಾದದ್ದು, ಆರು ತಪ್ಪಿದ್ದು, ಎರಡೂ ಅದರಲ್ಲಿವೆ. ದ್ವೀಪದಲ್ಲಿ ಬಂದವರೂ ಇದ್ದವರೂ ಪರಸ್ಪರ ಕಲಿತಿರಬಹುದು, ಒಂದೇ ಮನೆಯಲ್ಲಿ ಬಾಳಿರಬಹುದು ಎಂಬುದಕ್ಕೆ ಇದೊಂದು ಸಣ್ಣ ಸುಳಿವು ಎಂದಷ್ಟೇ ಅವರು ಬರೆದರು. ಲೇಖಕರ ಸಾಲಿನಲ್ಲಿ ಎರಡನೆಯ ಹೆಸರು ಗುಣವತಿ ಮೂಲ್ಯ. ಅದನ್ನು ಓದಿ ಹೇಳಿದ್ದು ದೀಕ್ಷಿತಾ. ಗುಣವತಿ ಅದರ ಒಂದು ಪ್ರತಿಯನ್ನು ಕಾರ್ಕಳಕ್ಕೆ ಅಂಚೆಯಲ್ಲಿ ಕಳಿಸಿದಳು. ಇಂಗ್ಲಿಷ್ ಬಾರದ ಅಮ್ಮ ಅದರಲ್ಲಿದ್ದ ಮಡಕೆಯ ಚಿತ್ರ ನೋಡಿ, "ಬಾಯಿ ಸ್ವಲ್ಪ ಓರೆಯಾಗಿದೆಯಲ್ಲ" ಎಂದು ಫೋನಿನಲ್ಲಿ ಹೇಳಿದರು.

ಆ ವರ್ಷದ ಚಳಿಗಾಲದಿಂದ ಬಡಾವಣೆಯ ಸಮುದಾಯ ಕೇಂದ್ರದಲ್ಲಿ ಶನಿವಾರ ಬೆಳಿಗ್ಗೆ ಗುಣವತಿಯ ತರಗತಿ ನಡೆಯುತ್ತಿದೆ. ಮೊದಲ ವಾರ ಐದು ಜನ ಬಂದರು. ಅಪೇಕ್ಷಾ, ಮಾನೊಲಿಯ ಹೆಂಡತಿ, ಇಬ್ಬರು ಪಂಜಾಬಿ ಅಕ್ಕತಂಗಿಯರು, ಕೆಲಸದಿಂದ ನಿವೃತ್ತನಾದ ಒಬ್ಬ ಟ್ರಾಮ್ ಡ್ರೈವರ್. ಎಲ್ಲರೂ ಹೊಸ ಏಪ್ರನ್ ಕಟ್ಟಿಕೊಂಡು, ಮಣ್ಣಿನ ಮುಂದೆ ಕೂತು ಅವಳ ಮಾತಿಗೆ ಕಾಯುತ್ತಿದ್ದರು. ಅವಳು ಒಬ್ಬೊಬ್ಬರ ಕೈಯನ್ನೂ ತಿರುಗಿಸಿ ನೋಡಿ, ತನ್ನ ಚೀಲದಿಂದ ಒಂದು ನೈಲ್ ಕಟರ್ ತೆಗೆದು ಮೇಜಿನ ಮೇಲಿಟ್ಟು, ಮೊದಲು ಉಗುರು ಕತ್ತರಿಸಿಕೊಳ್ಳಿ, ಒಳಮೈ ಗೀರಬಾರದು ಎಂದಳು.